ರೆಕ್ಕೆಯಿಲ್ಲದ ಹಣ್ಣಿನ ದೂರಪಯಣ

ಏಪ್ರಿಲ್ ತಿಂಗಳು ಅರ್ಧ ಕಳೆಯಿತೆಂದರೆ ಘಾಜಿಯಾಬಾದಿನ ನಮ್ಮ ಮನೆಯ ಬಾಲ್ಕನಿಯನ್ನು ದಿನಕ್ಕೆ ಎರಡು ಸಲ ಗುಡಿಸಬೇಕಾಗುತ್ತದೆ. ಎದುರಿನ ರಸ್ತೆಯಂಚಿನಲ್ಲಿ ಒಂದು ಹಳೆಯ ತಪಸಿ ಮರವಿದೆ. ಇಲ್ಲಿಯವರು ಅದನ್ನು ಚಿಲ್‌ಬಿಲ್ ಎನ್ನುತ್ತಾರೆ. ಬೋಳು ಕೊಂಬೆಗಳಲ್ಲಿ ಗೊಂಚಲು ಗೊಂಚಲಾಗಿ ತೂಗುವ ಅದರ ಹಣ್ಣುಗಳು ಒಂದು ರೂಪಾಯಿ ನಾಣ್ಯದಷ್ಟು ಅಗಲ, ಹಪ್ಪಳದಷ್ಟು ತೆಳು. ನಡುವೆ ಒಂದೇ ಒಂದು ಬೀಜ, ಸುತ್ತ ಒಣಗಿದ ಕಾಗದದಂಥ ರೆಕ್ಕೆ. ಪಶ್ಚಿಮದ ಬಿಸಿಗಾಳಿ ಎದ್ದೊಡನೆ ಅವು ಮರ ಬಿಟ್ಟು ಹೊರಟು ಮೂರನೆಯ ಮಹಡಿಯ ನಮ್ಮ ಮನೆಯೊಳಕ್ಕೂ ಬಂದಿಳಿಯುತ್ತವೆ. ಮಂಗಗಳು ಇವುಗಳ ಬೀಜವನ್ನು ಇಷ್ಟಪಟ್ಟು ತಿನ್ನುವುದರಿಂದ ಹಿಂದಿಯಲ್ಲಿ ಇದಕ್ಕೆ 'ಬಂದರ್ ಕೀ ರೋಟಿ' ಎಂಬ ಹೆಸರೂ ಇದೆ. ಈ ಮರಕ್ಕೆ ಮೊದಲು ಶಾಸ್ತ್ರೀಯ ನಾಮಕರಣ ಮಾಡಿದವನು ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವನು ಮತ್ತೊಮ್ಮೆ ಬರುತ್ತಾನೆ.

ಮಾವು, ಹಲಸು, ಬಾಳೆಗಳಿಗೆ ಮಾತ್ರ ಹಣ್ಣೆಂಬ ಹೆಸರನ್ನು ಕೊಟ್ಟು ರೂಢಿಯಾದ ನಮಗೆ ಈ ಒಣ ಬಿಲ್ಲೆಯೂ ಹಣ್ಣೇ ಎಂದರೆ ಅಚ್ಚರಿಯಾಗುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೂವಿನ ಅಂಡಾಶಯ ಮಾಗಿ ಆದದ್ದೆಲ್ಲ ಹಣ್ಣು. ಅದು ರಸಭರಿತವಾಗಿರಬೇಕಾಗಿಲ್ಲ, ತಿನ್ನಲು ಬರಬೇಕಾಗಿಯೂ ಇಲ್ಲ. ಒಂದೇ ಬೀಜವನ್ನು ಒಡಲಲ್ಲಿಟ್ಟುಕೊಂಡು, ಒಣಗಿದ ಮೇಲೂ ಬಿರಿಯದೆ, ಸಿಪ್ಪೆಸಮೇತ ತಾಯಿಗಿಡದಿಂದ ಕಳಚಿಕೊಳ್ಳುವ ಹಣ್ಣುಗಳದ್ದೇ ಒಂದು ದೊಡ್ಡ ವರ್ಗವಿದೆ. ಬೀಜವನ್ನು ಹೊರಗೆ ಚೆಲ್ಲುವ ಉಪಾಯ ಇವಕ್ಕಿಲ್ಲವಾದ್ದರಿಂದ ಹಣ್ಣಿಗೆ ಹಣ್ಣೇ ಪ್ರಯಾಣ ಹೊರಡಬೇಕು. ತಪಸಿಯ ಹಣ್ಣಿಗೆ ರೆಕ್ಕೆಯಿದೆ. ನಮ್ಮೂರ ಬಯಲುಗಳಲ್ಲಿ ನೆಲ ಹಿಡಿದು ಬೆಳೆಯುವ ಟ್ರೈಡಾಕ್ಸ್ ಗಿಡದ ಹಣ್ಣಿಗೆ ನವಿರಾದ ಕೂದಲ ಕುಚ್ಚಿದೆ. ಮಕ್ಕಳು ಊದಿದರೆ ಅಜ್ಜನ ಗಡ್ಡವಾಗಿ ತೇಲುತ್ತದೆ. ಉತ್ತರಾಣಿಯ ಹಣ್ಣಿಗೆ ಮುಳ್ಳಿನಂಥ ಮುಚ್ಚಳವಿದೆ. ಬೇಲಿ ದಾಟಿದವರ ಪಂಚೆಗೆ, ಸೀರೆಯ ಸೆರಗಿಗೆ ಅಂಟಿಕೊಂಡು ಊರು ಸೇರುತ್ತದೆ.

ಇದೇ ಏಪ್ರಿಲ್‌ನಲ್ಲಿ ಘಾಜಿಯಾಬಾದಿನಿಂದ ಹಾಪುಡ್ ಕಡೆಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಗೋಧಿಯ ಕಟಾವು ನಡೆಯುತ್ತಿರುತ್ತದೆ. ಗೋಧಿಯ ಕಾಳೂ ಏಕಬೀಜದ ಒಣಹಣ್ಣೇ. ಅದರ ಸಿಪ್ಪೆಯೂ ಬೀಜದ ಹೊದಿಕೆಯೂ ಬೇರ್ಪಡಿಸಲಾಗದಷ್ಟು ಬೆಸೆದುಕೊಂಡಿರುವುದರಿಂದ ನಾವು ಅದನ್ನು ಬೀಜವೆಂದೇ ಭಾವಿಸುತ್ತೇವೆ. ಹಸುವಿಗೆ ಹಾಕುವ ಗೋಧಿ ಬೂಸಾದಲ್ಲಿರುವುದು ಹೆಚ್ಚಾಗಿ ಆ ಹಣ್ಣಿನ ಸಿಪ್ಪೆಯೇ. ಗೋಧಿಗೆ ರೆಕ್ಕೆಯಿಲ್ಲ, ಕುಚ್ಚಿಲ್ಲ, ಮುಳ್ಳೂ ಇಲ್ಲ. ಕಾಡುಗೋಧಿಯ ತೆನೆ ಮಾಗಿದೊಡನೆ ಮುರಿದು ಚದುರುತ್ತಿತ್ತು. ಮನುಷ್ಯ ಮುರಿಯದ ತೆನೆಯನ್ನೇ ಆರಿಸಿ ಆರಿಸಿ ಬಿತ್ತಿದ. ಇಂದು ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಹೊಣೆಯೆಲ್ಲ ಮನುಷ್ಯನದೇ. ಗೋಧಿ ಸಮುದ್ರ ದಾಟಿದ್ದು ನಮ್ಮ ಚೀಲದಲ್ಲಿ ಕುಳಿತು. ಆ ಚೀಲದಲ್ಲಿ ಅದರ ಜೊತೆಗೆ ಇನ್ನೊಂದು ಒಣಹಣ್ಣೂ ಬಂದಿತೆಂಬ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಆ ಕಥೆ ಎಷ್ಟರಮಟ್ಟಿಗೆ ನಿಜ ಎಂದು ವಿಚಾರಿಸುವುದೇ ಈ ಬರಹದ ಉದ್ದೇಶ.

ನಮ್ಮ ವಸತಿಸಮುಚ್ಚಯದ ಪಕ್ಕದಲ್ಲಿ ಒಂದು ಖಾಲಿ ನಿವೇಶನವಿದೆ. ಜುಲೈ ತಿಂಗಳ ಮೊದಲ ಮಳೆ ಬಿದ್ದು ಮೂರು ವಾರ ಕಳೆಯುವಷ್ಟರಲ್ಲಿ ಅದು ಹಸಿರಾಗಿ, ಮತ್ತೆರಡು ವಾರಗಳಲ್ಲಿ ಬೆಳ್ಳಗಾಗುತ್ತದೆ. ಕ್ಯಾರೆಟ್ ಸೊಪ್ಪಿನಂಥ ಸೀಳೆಲೆ, ಸೊಂಟದೆತ್ತರದ ಕವಲು, ತುದಿಯಲ್ಲಿ ಸಾಬಕ್ಕಿ ಚೆಲ್ಲಿದಂತೆ ಬಿಳಿ ಹೂ. ನಾನು ಈ ಊರಿಗೆ ಬಂದ ಮೊದಲ ವರ್ಷ, ಅದನ್ನು ಕಂಡು ಊರಿನ ಪರಿಚಿತರೊಬ್ಬರು ಎದುರಾದಂತೆ, "ಅಯ್ಯೋ, ಕಾಂಗ್ರೆಸ್ ಗಿಡ!" ಎಂದು ಉದ್ಗರಿಸಿದೆ. ಪಕ್ಕದಲ್ಲಿದ್ದ ತೋಟದ ಮಾಲಿ, ಬದಾಯೂಂ ಕಡೆಯ ವೃದ್ಧ, ನನ್ನನ್ನು ತಿದ್ದಿದ: "ಗಾಜರ್ ಘಾಸ್ ಹೈ ಬಾಬೂಜೀ, ಹಾಥ್ ಮತ್ ಲಗಾನಾ." ಇದು ಕ್ಯಾರೆಟ್ ಹುಲ್ಲು, ಕೈ ಹಚ್ಚಬೇಡಿ. ಹಾಗೆಂದವನ ಕುತ್ತಿಗೆ, ಕಣ್ಣೆವೆ, ಮೊಣಕೈಗಳ ಚರ್ಮ ಆನೆಯ ಚರ್ಮದಂತೆ ಕಪ್ಪಾಗಿ ಬಿರಿದಿತ್ತು.

ಇಲ್ಲಿಯೂ ಇದನ್ನು ಕಾಂಗ್ರೆಸ್ ಘಾಸ್ ಎನ್ನುವವರಿದ್ದಾರೆ. ಆದರೆ ನಮ್ಮ ಮಾಲಿಯ ಹೆಸರು ಗಿಡದ ಎಲೆಯನ್ನು ನೋಡಿ ಹುಟ್ಟಿದ್ದು. ನಮ್ಮದು ಅದನ್ನು ತಂದವರಾರು ಎಂಬ ಆರೋಪದಿಂದ ಹುಟ್ಟಿದ್ದು. ಹೂವಿನ ಬಿಳಿ ಬಣ್ಣ ಗಾಂಧಿ ಟೋಪಿಯನ್ನು ಹೋಲುವುದರಿಂದ ಆ ಹೆಸರು ಬಂತೆನ್ನುವವರೂ ಉಂಟು. ಆದರೆ ನಮ್ಮೂರ ಕಟ್ಟೆಗಳಲ್ಲಿ ಕೇಳಿಬರುತ್ತಿದ್ದ ವಿವರಣೆ ಬೇರೆ: ಕಾಂಗ್ರೆಸ್ ಸರ್ಕಾರ ಅಮೆರಿಕದಿಂದ ಗೋಧಿ ತರಿಸಿತು, ಗೋಧಿಯಲ್ಲಿ ಈ ಬೀಜ ಬಂತು.

ಹೆಸರಿನ ವಿಚಾರಕ್ಕೆ ಹೋಗುವ ಮುನ್ನ ಹಣ್ಣನ್ನೇ ಸ್ವಲ್ಪ ನೋಡೋಣ. 1753ರಲ್ಲಿ ಲಿನ್ನೇಯಸ್ ಪಾರ್ಥೇನಿಯಂ ಹಿಸ್ಟರೋಫೋರಸ್ ಎಂದು ಹೆಸರಿಟ್ಟ ಈ ಗಿಡ ಸೂರ್ಯಕಾಂತಿಯ, ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು. ನಮಗೆ ಒಂದು ಹೂವಾಗಿ ಕಾಣುವ ಬಿಳಿಯ ಗುಂಡು ವಾಸ್ತವವಾಗಿ ಹತ್ತಾರು ಕಿರುಹೂಗಳ ಒಂದು ಗುಚ್ಛ. ಅದರ ಅಂಚಿನಲ್ಲಿ ಸಾಮಾನ್ಯವಾಗಿ ಐದು ಹೆಣ್ಣುಹೂಗಳು. ಒಂದೊಂದರಿಂದ ಒಂದೊಂದು ಹಣ್ಣು, ಒಂದೊಂದು ಹಣ್ಣಿನಲ್ಲಿ ಒಂದೇ ಬೀಜ. ಎರಡು ಮಿಲಿಮೀಟರ್ ಉದ್ದದ, ಚಪ್ಪಟೆಯಾದ ಕರಿಯ ಬೆಣೆಯಂಥ ಹಣ್ಣು ಅದು. ಕಳಚಿ ಬೀಳುವಾಗ ಒಣಗಿದ ಎರಡು ಗಂಡುಹೂಗಳನ್ನು ಅಕ್ಕಪಕ್ಕದಲ್ಲಿ ಅಂಟಿಸಿಕೊಂಡೇ ಬೀಳುತ್ತದೆ. ಆ ಎರಡು ಒಣಹೂಗಳೇ ಅದರ ಆಸ್ತಿ. ನೀರಿನಲ್ಲಿ ಅವು ತೆಪ್ಪದಂತೆ ತೇಲಿಸುತ್ತವೆ. ಗಾಳಿಯಲ್ಲಿ ಹೆಚ್ಚೇನೂ ಸಹಾಯ ಮಾಡವು. ಕುಟುಂಬದ ಬಂಧುವಾದ ಟ್ರೈಡಾಕ್ಸ್‌ಗೆ ಇರುವ ಕೂದಲ ಕುಚ್ಚು ಇದಕ್ಕಿಲ್ಲ. ಸುಂಟರಗಾಳಿಗೆ ಸಿಕ್ಕಿದರೆ ಬೇರೆ ಮಾತು. ಹಾಗಿಲ್ಲವಾದರೆ ತಾಯಿಗಿಡದ ಸುತ್ತ ಕೆಲವೇ ಮಾರುಗಳೊಳಗೆ ಇದರ ಸ್ವಂತ ಶಕ್ತಿ ಮುಗಿಯುತ್ತದೆ.

ಸಂಖ್ಯೆಯಲ್ಲಿ ಮಾತ್ರ ಅದು ಬಡವಲ್ಲ. ಚೆನ್ನಾಗಿ ಬೆಳೆದ ಒಂದು ಗಿಡ ಹದಿನೈದರಿಂದ ಇಪ್ಪತ್ತೈದು ಸಾವಿರ ಹಣ್ಣು ಕೊಡುತ್ತದೆ. ಮೊಳೆತ ನಾಲ್ಕಾರು ವಾರಗಳಲ್ಲೇ ಹೂ ಬಿಡಲಾರಂಭಿಸುತ್ತದೆ. ಮಣ್ಣಿನೊಳಗೆ ಹೂತುಹೋದ ಹಣ್ಣು ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮಣ್ಣು ತಿರುವಿಬಿದ್ದು ಬೆಳಕು ಕಂಡ ದಿನ ಮೊಳೆಯುತ್ತದೆ. ಹಾರಲಾರದ ಇಂಥ ಹಣ್ಣು ಮೆಕ್ಸಿಕೋ ಕೊಲ್ಲಿಯ ಸುತ್ತಣ ನಾಡಿನಿಂದ ಹೊರಟು ಹಿಂಡನ್ ನದಿಯ ದಂಡೆಯವರೆಗೆ ಬಂದಿತೆಂದ ಮೇಲೆ, ಹೊತ್ತು ತಂದವರು ಯಾರೋ ಇರಲೇಬೇಕು. ಕನ್ನಡದ ಹೆಸರು ಕೇಳುವ ಪ್ರಶ್ನೆ ಸರಿಯಾದದ್ದೇ. ಅದು ಕೊಡುವ ಉತ್ತರವನ್ನು ಮಾತ್ರ ಪರೀಕ್ಷಿಸಬೇಕಾಗಿದೆ.

ಅಮೆರಿಕದ ಗೋಧಿಯ ನೆನಪು ನನ್ನ ತಲೆಮಾರಿನವರಿಗೆ ಪುಸ್ತಕದಿಂದ ಬಂದದ್ದಲ್ಲ. ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ರಾಗಿಯೇ ಊಟ. ಬರಗಾಲದ ವರ್ಷಗಳಲ್ಲಿ ಪಡಿತರದ ಅಂಗಡಿಯಿಂದ ಗೋಧಿ ಬಂದಾಗ ಅದನ್ನು ಏನು ಮಾಡಬೇಕೆಂದು ತೋಚದೆ ಅಮ್ಮ ರಾಗಿಯಂತೆಯೇ ಬೀಸಿ ಮುದ್ದೆ ಕಟ್ಟಲು ನೋಡಿ ಸೋತಿದ್ದರಂತೆ. ನನಗೆ ನೆನಪಿರುವುದು ಆಮೇಲಿನದು: ಅಂಗಳದಲ್ಲಿ ಮೊರ ಹಿಡಿದು ಕುಳಿತ ಅಮ್ಮ ಗೋಧಿಯನ್ನು ಕೇರಿ, ಕಲ್ಲು, ಕಡ್ಡಿ, ಕರಿಯ ಕಾಳುಗಳನ್ನು ಬೇರೆ ಮಾಡಿ ತಿಪ್ಪೆಗೆ ಸುರಿಯುತ್ತಿದ್ದುದು. ಶಾಲೆಯಲ್ಲಿ ಮಧ್ಯಾಹ್ನ ನಮಗೆ ಸಿಗುತ್ತಿದ್ದುದು ಕೇರ್ ಉಪ್ಪಿಟ್ಟು. ಕೇರ್ ಎಂಬುದು ಆ ಆಹಾರವನ್ನು ಹಂಚುತ್ತಿದ್ದ ಅಮೆರಿಕದ ಸಂಸ್ಥೆಯ ಹೆಸರೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ಅದು ಆ ಹಳದಿ ಉಪ್ಪಿಟ್ಟಿನ ಹೆಸರೆಂದೇ ನಂಬಿದ್ದೆವು.

ಈ ಧಾನ್ಯದ ಹಿಂದಿದ್ದುದು 1954ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ 480ನೆಯ ಸಾರ್ವಜನಿಕ ಕಾನೂನು, ಜನರ ಬಾಯಲ್ಲಿ ಪಿಎಲ್-480. ತನ್ನಲ್ಲಿ ಮಿಕ್ಕ ಧಾನ್ಯವನ್ನು ರೂಪಾಯಿಯಲ್ಲೇ ಹಣ ಪಡೆದು ಕೊಡುವ ಏರ್ಪಾಡು ಅದು. ಭಾರತ ಅದರಡಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. 1960ರ ಮೇ ತಿಂಗಳ ಒಪ್ಪಂದ ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿಯನ್ನು ತರಿಸುವುದಾಗಿತ್ತು. 1965ರಲ್ಲೂ 1966ರಲ್ಲೂ ಮಳೆ ಕೈಕೊಟ್ಟಾಗ ದೇಶ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿಕೊಂಡಿತು. ಬಂದರಿಗೆ ಹಡಗು ಬಂದರೆ ಊರಲ್ಲಿ ಒಲೆ ಉರಿದೀತು ಎಂಬಂಥ ಸ್ಥಿತಿ. ಸೋಮವಾರದ ರಾತ್ರಿಯೂಟ ಬಿಡಿರೆಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಜನರನ್ನು ಕೇಳಿಕೊಂಡದ್ದು ಆ ಕಾಲದಲ್ಲೇ. ಅಷ್ಟು ಧಾನ್ಯವನ್ನು ಕೆಡದಂತೆ ಇಡುವುದೂ ಒಂದು ವಿದ್ಯೆಯಾಯಿತು. ಧಾನ್ಯ ಸಂಗ್ರಹಣೆಯ ಸಂಶೋಧನೆ ಮತ್ತು ತರಬೇತಿಗಾಗಿ 1958ರಲ್ಲಿ ಸರ್ಕಾರ ಕೇಂದ್ರವೊಂದನ್ನು ತೆರೆದದ್ದು ನಮ್ಮ ನೆರೆಯ ಹಾಪುಡ್‌ನಲ್ಲಿ. ಧಾನ್ಯದ ಮಂಡಿಗೆ ಹೆಸರಾದ ಹಾಪುಡ್ ಆಗ ಮೀರತ್ ಜಿಲ್ಲೆಯಲ್ಲಿತ್ತು. 1976ರಲ್ಲಿ ಘಾಜಿಯಾಬಾದ್ ಜಿಲ್ಲೆಯಾದಾಗ ಇಲ್ಲಿಗೆ ಸೇರಿ, 2011ರಲ್ಲಿ ತಾನೇ ಜಿಲ್ಲಾಕೇಂದ್ರವಾಯಿತು.

ಹೀಗೆ ಹಸಿವು, ಹಡಗು, ಚೀಲ, ಕಳೆ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಕೂಡಿಕೊಳ್ಳುವುದರಿಂದ ಕಥೆ ನಂಬಲು ಸುಲಭ. ತೊಡಕು ಇರುವುದು ಇಸವಿಗಳಲ್ಲಿ.

ಸ್ವತಂತ್ರ ಭಾರತದಲ್ಲಿ ಈ ಗಿಡವನ್ನು ಹೊಸ ದಾಖಲೆಯೆಂದು ಪ್ರಕಟಿಸಿದವರು ಆರ್. ಎಸ್. ರಾವ್. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರ ಟಿಪ್ಪಣಿ ಅಚ್ಚಾದದ್ದು 1956ರಲ್ಲಿ. ಪುಣೆಯಲ್ಲಿ ಅವರು ಗಿಡವನ್ನು ಕಂಡದ್ದು ಅದಕ್ಕೂ ಹಿಂದಿನ ವರ್ಷ. ಪುಣೆಯ ತಿಪ್ಪೆಗಳ ಮೇಲೆ ಅಲ್ಲೊಂದು ಇಲ್ಲೊಂದು ಗಿಡವನ್ನು ಪ್ರೊಫೆಸರ್ ಪರಾಂಜಪೆ 1951ರಲ್ಲೇ ಗುರುತಿಸಿದ್ದರೆಂಬ ಉಲ್ಲೇಖವೂ ಸಸ್ಯಶಾಸ್ತ್ರದ ಬರಹಗಳಲ್ಲಿದೆ. ಎಂದರೆ ಪಿಎಲ್-480ರ ಮೊದಲ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಗಿಡ ಆಗಲೇ ಪುಣೆಯಲ್ಲಿ ಹೂ ಬಿಟ್ಟಿತ್ತು. ಅದಕ್ಕೂ ಮೊದಲು ಅಮೆರಿಕದ ಗೋಧಿ ಬಂದಿರಲಿಲ್ಲವೆಂದಲ್ಲ. 1951ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಮಾಡಿದ ತುರ್ತು ಆಹಾರ ನೆರವಿನ ಕಾನೂನಿನಡಿ 20 ಲಕ್ಷ ಟನ್ ಧಾನ್ಯ ಸಾಲವಾಗಿ ದೊರಕಿತ್ತು. ಆದ್ದರಿಂದ ಗೋಧಿಯ ಚೀಲವನ್ನು ಸಂಪೂರ್ಣ ನಿರಪರಾಧಿಯೆಂದು ಬಿಡುಗಡೆ ಮಾಡುವಂತಿಲ್ಲ. ಜನ ಹೆಸರು ಹಿಡಿದು ದೂರುವ ಒಪ್ಪಂದಕ್ಕಿಂತ ಗಿಡ ಹಿರಿಯದೆಂಬುದಷ್ಟೇ ಇಲ್ಲಿ ಖಚಿತ.

ಹಿಂದೆ ಹಿಂದೆ ಹೋದಂತೆ ಕಥೆ ಇನ್ನೂ ಸಡಿಲವಾಗುತ್ತದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಒಣಸಸ್ಯ ಸಂಗ್ರಹದಲ್ಲಿ ಈ ಗಿಡದ ಮಾದರಿಯೊಂದಿರುವುದನ್ನು 1978ರಲ್ಲಿ ಮೂವರು ಸಸ್ಯಶಾಸ್ತ್ರಜ್ಞರು ತೋರಿಸಿಕೊಟ್ಟರು. ಅದನ್ನು ಸಂಗ್ರಹಿಸಿದವನು ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕ ಡೀಟ್ರಿಚ್ ಬ್ರಾಂಡಿಸ್, ಇಸವಿ 1880. ಅದಕ್ಕೂ ಮುನ್ನ, 1814ರಲ್ಲಿ, ಕಲ್ಕತ್ತೆಯ ಕಂಪನಿ ಸಸ್ಯೋದ್ಯಾನದಲ್ಲಿ ಬೆಳೆಯುತ್ತಿದ್ದ ಗಿಡಗಳ ಪಟ್ಟಿಯೊಂದು 'ಹಾರ್ಟಸ್ ಬೆಂಗಾಲೆನ್ಸಿಸ್' ಎಂಬ ಹೆಸರಿನಲ್ಲಿ ಸಿರಾಂಪುರದ ಮುದ್ರಣಾಲಯದಿಂದ ಹೊರಬಂತು. ಪಾರ್ಥೇನಿಯಂ ಆ ಪಟ್ಟಿಯಲ್ಲಿದೆ. ಪಟ್ಟಿ ಸಿದ್ಧಪಡಿಸಿದವನು ತಪಸಿ ಮರಕ್ಕೆ ಹೆಸರಿಟ್ಟ ಅದೇ ರಾಕ್ಸ್‌ಬರ್ಗ್. ಯಾವ ಗಿಡದ ಮೂಲಕ್ಕೆ ನಾವು ಒಂದು ಪಕ್ಷದ ಹೆಸರನ್ನು ಕಟ್ಟಿದ್ದೇವೆಯೋ ಆ ಗಿಡ, ಆ ಪಕ್ಷ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಹೂಗ್ಲಿ ನದಿಯ ದಂಡೆಯ ತೋಟದಲ್ಲಿ ನೀರು ಗೊಬ್ಬರ ಪಡೆದು ಬೆಳೆಯುತ್ತಿತ್ತು.

ಹಾಗಾದರೆ 1814ರಿಂದ 1950ರವರೆಗೆ ಸುಮ್ಮನಿದ್ದ ಗಿಡ ಆಮೇಲೆ ಇಪ್ಪತ್ತು ವರ್ಷಗಳಲ್ಲಿ ದೇಶವನ್ನೇ ಹೊಕ್ಕಿದ್ದು ಹೇಗೆ? ಆ ತೋಟದ ಗಿಡದ ಸಂತತಿಯೇ ಮುಂದೆ ಹರಡಿತೆಂದು ಹೇಳಲು ಆಧಾರವಿಲ್ಲ. ಹೊಸ ಬೀಜ ಹೊರಗಿನಿಂದ ಬಂದಿರುವ ಸಂಭವವೇ ಹೆಚ್ಚು. ಅದು ಒಮ್ಮೆ ಮಾತ್ರವಲ್ಲ, ಹಲವು ಸಲ ಬಂದಿರಬಹುದು. ಆಸ್ಟ್ರೇಲಿಯದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ಅಲ್ಲಿಯ ಕ್ವೀನ್ಸ್‌ಲೆಂಡ್‌ನಲ್ಲಿ ಗಿಡ ಮೊದಲು ಕಂಡದ್ದು ನಮ್ಮ ಪುಣೆಯ ದಾಖಲೆಯ ವರ್ಷವೇ, 1955ರಲ್ಲಿ. ಅದು ಅಲ್ಲಿಯೇ ಹೆಚ್ಚು ಹರಡದೆ ಉಳಿಯಿತು. ನಿಜವಾದ ಹಾವಳಿ ಆರಂಭವಾದದ್ದು 1960ರ ಸುಮಾರಿಗೆ ಟೆಕ್ಸಾಸಿನಿಂದ ತರಿಸಿದ ಹುಲ್ಲಿನ ಬೀಜದಲ್ಲಿ ಬೆರೆತು ಬಂದ ಎರಡನೆಯ ಕಂತಿನಿಂದ. ಅಲ್ಲಿ ಹಸಿದವರಿರಲಿಲ್ಲ, ನೆರವಿನ ಹಡಗೂ ಇರಲಿಲ್ಲ. ದನಗಳಿಗೆ ಮೇವು ಬೆಳೆಯುವ ಬಯಕೆಯಿತ್ತು. ಬೇರೆ ಬೀಜದ ಚೀಲ, ಅದೇ ಸಹಪ್ರಯಾಣಿಕ.

ಒಳನಾಡಿನ ಹರಡುವಿಕೆಗಂತೂ ಅಮೆರಿಕವನ್ನು ದೂರಿ ಫಲವಿಲ್ಲ. ಗೋಧಿ ಕಾಳಿಗೂ ಈ ಹಣ್ಣಿಗೂ ಗಾತ್ರದಲ್ಲಿ ಮೂರು ಪಟ್ಟು ವ್ಯತ್ಯಾಸ. ಜರಡಿ ಹಿಡಿದರೆ ಒಂದು ಮೇಲುಳಿಯುತ್ತದೆ, ಇನ್ನೊಂದು ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದದ್ದು ತಿಪ್ಪೆಗೆ ಹೋಗುತ್ತದೆ. ಪುಣೆಯಲ್ಲಿ ಮೊದಲ ಗಿಡಗಳು ಕಂಡದ್ದು ತಿಪ್ಪೆಗಳ ಮೇಲೆಯೇ ಎಂಬುದನ್ನು ಓದಿದಾಗಲೆಲ್ಲ ನನಗೆ ಅಮ್ಮನ ಮೊರ ನೆನಪಾಗುತ್ತದೆ. ತಿಪ್ಪೆಯ ಗೊಬ್ಬರ ಗಾಡಿಯೇರಿ ಹೊಲಕ್ಕೆ ಹೋಗುತ್ತದೆ. ಹೊಲದ ಹುಲ್ಲು ಲಾರಿಯೇರಿ ಪಟ್ಟಣದ ಹಟ್ಟಿಗೆ ಬರುತ್ತದೆ. ರಸ್ತೆ ಅಗೆದ ಮಣ್ಣು, ಹೊಳೆಯ ಮರಳು, ಸಸಿಯ ಬುಡದ ಹೆಂಟೆ, ಟ್ರ್ಯಾಕ್ಟರಿನ ಗಾಲಿ, ದನದ ಗೊರಸು, ಮಳೆಗಾಲದ ಚರಂಡಿ ಇವೆಲ್ಲವೂ ಅದರ ವಾಹನಗಳು. ಕ್ವೀನ್ಸ್‌ಲೆಂಡ್ ಸರ್ಕಾರ ಈ ಕಳೆಗಾಗಿ ಮಾಡಿದ ಏರ್ಪಾಡುಗಳಲ್ಲಿ ಹೆದ್ದಾರಿಯ ಪಕ್ಕದಲ್ಲಿ ಲಾರಿ, ಕಟಾವು ಯಂತ್ರಗಳನ್ನು ನಿಲ್ಲಿಸಿ ತೊಳೆಯುವ ಕಟ್ಟೆಗಳೂ ಸೇರಿವೆ. ಹಣ್ಣಿಗೆ ರೆಕ್ಕೆಯಿಲ್ಲವೆಂಬುದನ್ನು ಅರ್ಥಮಾಡಿಕೊಂಡವರು ಮಾಡಿದ ಕೆಲಸ ಅದು.

ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ನಾವು ಹೊಸ ರಸ್ತೆ ಹಾಕಿದೆವು, ಕಾಲುವೆ ತೋಡಿದೆವು, ಬಡಾವಣೆ ಎಬ್ಬಿಸಿದೆವು. ಅಗೆದು ಬಿಟ್ಟ ನೆಲವೇ ಪಾರ್ಥೇನಿಯಮ್ಮಿಗೆ ಪ್ರಿಯವಾದದ್ದು. ದಿಲ್ಲಿಯ ಸಸ್ಯಗಳ ಕುರಿತು 1963ರಲ್ಲಿ ಗ್ರಂಥ ಪ್ರಕಟಿಸಿದ್ದ ಜೆ. ಕೆ. ಮಹೇಶ್ವರಿ 1966ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಗಿಡದ ಕುರಿತೇ ಬರೆದರು. 1974ರಲ್ಲಿ ಪುಣೆಯ ವೈದ್ಯ ಲೋಣ್ಕರ್ ಮತ್ತು ಇಬ್ಬರು ವಿದೇಶೀ ಸಹಲೇಖಕರು ಇದರಿಂದಾಗುವ ಚರ್ಮರೋಗವನ್ನು ವಿವರಿಸಿದರು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕಕ್ಕೆ ಒಮ್ಮೆ ಒಗ್ಗದಾದ ಚರ್ಮ ಆಮೇಲೆ ಗಿಡದ ಪುಡಿ ಗಾಳಿಯಲ್ಲಿ ತಾಕಿದರೂ ಉರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಅವರ ತಂಡ ಇದರ ಪರಾಗದಿಂದ ಬರುವ ಮೂಗಿನ ಅಲರ್ಜಿಯನ್ನು ಅಧ್ಯಯನ ಮಾಡಿತು. 1975ರಲ್ಲಿ ಕರ್ನಾಟಕ ಸರ್ಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. ತನ್ನ ನೆಲದ ಕಳೆಯನ್ನು ಕೀಳುವ ಹೊಣೆ ನೆಲದವನದಾಯಿತು, ಕಾಗದದ ಮೇಲೆ.

ಕಿತ್ತವರು ಯಾರು? ನಮ್ಮ ಶಾಲೆಯಲ್ಲಿ ಶನಿವಾರದ ಶ್ರಮದಾನವೆಂದರೆ ಕಾಂಗ್ರೆಸ್ ಗಿಡ ಕೀಳುವುದು. ಬರಿಗೈಯಲ್ಲಿ, ಹೂ ಬಿಟ್ಟು ಹಣ್ಣು ಕಟ್ಟಿದ ಮೇಲೆ. ಕಿತ್ತ ಗಿಡಗಳನ್ನು ಹೆಗಲಿಗೆ ಹೊತ್ತು ಆಟದ ಬಯಲಿನ ಉದ್ದಕ್ಕೂ ನಡೆದು ಆಚೆಯ ಹಳ್ಳಕ್ಕೆ ಎಸೆಯುತ್ತಿದ್ದೆವು. ಈಗ ಯೋಚಿಸಿದರೆ ಹಣ್ಣು ಬಿತ್ತಲು ಅದಕ್ಕಿಂತ ಒಳ್ಳೆಯ ವಿಧಾನವಿರಲಾರದು: ದಾರಿಯುದ್ದಕ್ಕೂ ಉದುರಿಸಿ, ಉಳಿದದ್ದನ್ನು ನೀರಿಗೆ ಒಪ್ಪಿಸುವುದು. ಮುಂದಿನ ವರ್ಷ ಹಳ್ಳದ ಎರಡೂ ದಡ ಬೆಳ್ಳಗಿದ್ದವು. ನಮ್ಮಲ್ಲಿ ಇಬ್ಬರು ಮೂವರಿಗೆ ಕೈಯೆಲ್ಲ ಗುಳ್ಳೆಯೆದ್ದಾಗ ಮೇಷ್ಟರೂ ಸೇರಿ ಎಲ್ಲರೂ ಬೈದದ್ದು ಕಾಂಗ್ರೆಸ್ಸಿಗೆ.

ಬೆಂಗಳೂರು ಈ ಕಥೆಗೆ ಇನ್ನೊಂದು ಅಧ್ಯಾಯವನ್ನೂ ಕೊಟ್ಟಿದೆ. 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮಾ ಬೈಕಲರೇಟಾ ಎಂಬ ಪುಟ್ಟ ಜೀರುಂಡೆಯನ್ನು ಬೆಂಗಳೂರಿಗೆ ತರಿಸಲಾಯಿತು. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಕೀಟದ ಮರಿಯೂ ಪ್ರೌಢವೂ ಪಾರ್ಥೇನಿಯಂ ಎಲೆಯನ್ನೇ ತಿಂದು ಬದುಕುತ್ತವೆ. ಬೇರೆ ಬೆಳೆಗಳನ್ನು ತಿನ್ನುವುದಿಲ್ಲವೆಂದು ಪರೀಕ್ಷೆಗಳಲ್ಲಿ ಮನಗಂಡ ಮೇಲೆ 1984ರಲ್ಲಿ ಬಯಲಿಗೆ ಬಿಟ್ಟರು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್ 1987ರಲ್ಲಿ ಅದು ನೆಲೆಯೂರಿದ ಸುದ್ದಿಯನ್ನು ಪ್ರಕಟಿಸಿದರು. 1990ರ ದಶಕದ ಮೊದಲಲ್ಲಿ ಕರ್ನಾಟಕದ ಸೂರ್ಯಕಾಂತಿ ಹೊಲಗಳಲ್ಲಿ ಈ ಜೀರುಂಡೆ ಕಾಣಿಸಿಕೊಂಡು ಎಲೆ ಕಡಿದಾಗ ದೊಡ್ಡ ಗದ್ದಲವೇ ಎದ್ದಿತು. ಕಳೆ ನೀಗಲು ತಂದ ಕೀಟ ಬೆಳೆಗೆ ಬಿತ್ತೆಂಬ ಆತಂಕ ಸಹಜವೇ ಆಗಿತ್ತು. ಪಾರ್ಥೇನಿಯಂ ಪರಾಗ ಹಾರಿಬಂದು ಸೂರ್ಯಕಾಂತಿಯ ಎಲೆಯ ಮೇಲೆ ಕುಳಿತಾಗ ಅದರ ವಾಸನೆಗೆ ಕೀಟ ಆ ಎಲೆಯನ್ನು ಕಡಿಯುತ್ತದೆಯೆಂದು ಜಯಂತ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸೂರ್ಯಕಾಂತಿಯ ಬೀಜವೆಂದು ನಾವು ಗಾಣಕ್ಕೆ ಹಾಕುವುದೂ ಅದೇ ಜಾತಿಯ ಏಕಬೀಜದ ಒಣಹಣ್ಣು. ಎರಡೂ ಒಂದೇ ಕುಟುಂಬದ ಕುಡಿಗಳು.

ಧಾರವಾಡದಲ್ಲಿ ಮತ್ತೊಂದು ದಾರಿಯ ಹುಡುಕಾಟ ನಡೆಯಿತು. ಭತ್ತದ ತಳಿವಿಜ್ಞಾನಿಯೆಂದು ಹೆಸರಾದ ಎಂ. ಮಹದೇವಪ್ಪನವರು ತಗಚೆಯ ಬಂಧುವಾದ ಕ್ಯಾಸಿಯ ಸೆರಿಸಿಯ ಎಂಬ ಗಿಡ ಪಾರ್ಥೇನಿಯಮ್ಮನ್ನು ಒತ್ತರಿಸಿ ತಾನು ಬೆಳೆಯುವುದನ್ನು 1980ರ ದಶಕದಲ್ಲೇ ಸಹೋದ್ಯೋಗಿಯೊಡನೆ ಬರೆದು ಪ್ರಚಾರಕ್ಕೆ ತಂದರು. ಅವರು ಕುಲಪತಿಗಳಾಗಿದ್ದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 1997ರ ಅಕ್ಟೋಬರಿನಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಜೀರುಂಡೆಯಾಗಲಿ ತಗಚೆಯಾಗಲಿ ಕಳೆಯನ್ನು ಅಳಿಸಿಹಾಕಲಿಲ್ಲ; ಕೆಲವೆಡೆ ಕೆಲವು ಕಾಲ ತಗ್ಗಿಸಿದವು. ಆದರೆ ಬೆಂಗಳೂರಿನ 1984ರ ಜೀರುಂಡೆ ತನ್ನ ರೆಕ್ಕೆಯಿಂದಲೂ ಮನುಷ್ಯರ ಕೈಯಿಂದಲೂ ಉತ್ತರಕ್ಕೆ ಸಾಗಿ, ಗಂಗಾ ಯಮುನೆಗಳ ಬಯಲನ್ನೂ ಪಂಜಾಬನ್ನೂ ಹೊಕ್ಕು, 2006ರ ಹೊತ್ತಿಗೆ ಗಡಿಯಾಚೆ ಲಾಹೋರಿನ ಸಮೀಪದಲ್ಲೂ ದಾಖಲಾಯಿತು. ಒಂದು ಆಗಸ್ಟ್‌ನಲ್ಲಿ ನಮ್ಮ ಪಕ್ಕದ ನಿವೇಶನದ ಗಿಡಗಳ ಮೇಲೆ ಆ ಗೆರೆಬೆನ್ನಿನ ಹುಳುಗಳನ್ನು ಕಂಡಾಗ, ಊರಿನಿಂದ ಯಾರೋ ಬಂದಷ್ಟು ಸಂತೋಷವಾಗಿತ್ತು.

ಹೊರಗಿನಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಗಿಡವನ್ನು ದ್ವೇಷಿಸಬೇಕಾಗಿಲ್ಲ. ನಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ, ಉಪ್ಪಿಟ್ಟಿನ ಮೆಕ್ಕೆಜೋಳ ಎಲ್ಲವೂ ಅದೇ ಖಂಡದಿಂದ ಬಂದವು. ಇದನ್ನು ಕೀಳಬೇಕಾಗಿರುವುದು ಅದು ಮನುಷ್ಯರ ಚರ್ಮ ಸುಡುತ್ತದೆಂಬುದಕ್ಕೆ, ಹುಲ್ಲುಗಾವಲನ್ನು ನುಂಗುತ್ತದೆಂಬುದಕ್ಕೆ, ಬೇರೆ ಮೇವಿಲ್ಲದೆ ಅದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆಂಬುದಕ್ಕೆ. ಆದರೆ ಕೀಳುವ ಕೆಲಸಕ್ಕೆ ಇಳಿಯಬೇಕಾದರೆ, ಅದನ್ನು ತಂದವರು ಯಾರೋ ಎಲ್ಲೋ ಇದ್ದಾರೆಂಬ ಕಥೆಯನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಕಾಂಗ್ರೆಸ್ ಗಿಡವೆಂಬ ಹೆಸರು ನಮಗೆ ಕೊಟ್ಟ ದೊಡ್ಡ ಅನುಕೂಲವೆಂದರೆ, ಐವತ್ತು ವರ್ಷ ನಾವೇ ಅದನ್ನು ಲಾರಿ, ಗಾಡಿ, ಹೆಗಲುಗಳ ಮೇಲೆ ಹೊತ್ತು ತಿರುಗಿಸಿದರೂ ತಪ್ಪು ಬೇರೆಯವರದೇ ಆಗಿ ಉಳಿದದ್ದು.

ಘಾಜಿಯಾಬಾದಿನಲ್ಲಿ ಈಗಲೂ ಅದೇ ನಡೆಯುತ್ತಿದೆ. ಇಂದಿರಾಪುರಂ, ವೈಶಾಲಿ, ರಾಜ್‌ನಗರದ ವಿಸ್ತರಣೆಗಳೆಲ್ಲ ಹೊಲ ಅಗೆದು ಎದ್ದ ಊರುಗಳು. ಒಂದು ಗುಂಡಿಯ ಮಣ್ಣು ಇನ್ನೊಂದರ ಭರ್ತಿಗೆ ಹೋಗುತ್ತದೆ. ಮಣ್ಣಿನೊಂದಿಗೆ ಹಣ್ಣೂ ಹೋಗುತ್ತದೆ. ನಿವೇಶನದ ಒಡೆಯ ಬೆಲೆ ಏರಲೆಂದು ಕಾಯುವಷ್ಟು ವರ್ಷ ನೆಲ ಕಳೆಗೆ ಮೀಸಲು. 2023ರ ಜುಲೈಯಲ್ಲಿ ಹಿಂಡನ್ ನದಿ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತ್ತು. ನೀರು ಇಳಿದ ಕೆಲವು ವಾರಗಳ ಮೇಲೆ ನಾನು ಆ ಕಡೆ ಹೋದಾಗ ನೆರೆಯ ಗುರುತು ಮುಟ್ಟಿದ್ದ ಗೋಡೆಯ ಬುಡದುದ್ದಕ್ಕೂ ಹಸಿರು ಅಂಚು ಕಟ್ಟಿದಂತೆ ಗಾಜರ್ ಘಾಸಿನ ಎಳೆಯ ಸಸಿಗಳು ಎದ್ದಿದ್ದವು. ಎರಡು ಒಣಹೂಗಳ ತೆಪ್ಪ ತನ್ನ ಕೆಲಸ ಮಾಡಿತ್ತು.

ಜಬಲ್ಪುರದಲ್ಲಿರುವ ಕೇಂದ್ರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುತ್ತದೆ. ಆದರೆ ನಮ್ಮ ನಿವೇಶನದಲ್ಲಿ ಆಗಸ್ಟ್ 16ರ ಹೊತ್ತಿಗೆ ಗಿಡದ ಮೇಲೆ ಹೂ ಬಂದಿರುತ್ತದೆ. ಕಳೆದ ಮೂರು ಮಳೆಗಾಲಗಳಿಂದ ನಾವು ನಾಲ್ಕೈದು ಮನೆಯವರು ಜುಲೈ ಮೂರನೆಯ ವಾರದಲ್ಲೇ, ಎಲೆ ಮಾತ್ರ ಇರುವಾಗ, ನೆಲ ಹಸಿಯಾಗಿರುವ ಬೆಳಿಗ್ಗೆ ಅಲ್ಲಿಗೆ ಇಳಿಯುತ್ತೇವೆ. ಬೇರುಸಮೇತ ಕಿತ್ತು, ಅಲ್ಲಿಯೇ ಗುಂಡಿ ತೋಡಿ ಕೊಳೆಹಾಕುತ್ತೇವೆ, ಎಲ್ಲಿಗೂ ಹೊತ್ತೊಯ್ಯುವುದಿಲ್ಲ. ಹೂ ಬಿಡುವ ಮುನ್ನ ಕಿತ್ತ ಗಿಡದಲ್ಲಿ ಹಣ್ಣಿಲ್ಲವಾದ್ದರಿಂದ ಅದು ಒಳ್ಳೆಯ ಗೊಬ್ಬರವೇ ಆಗುತ್ತದೆ. ಮೊದಲ ವರ್ಷ ಮೂರು ಬೆಳಗು ಹಿಡಿದ ಕೆಲಸ ಈ ವರ್ಷ ಒಂದೂವರೆ ಬೆಳಗಿನಲ್ಲಿ ಮುಗಿಯಿತು. ಮಣ್ಣಿನೊಳಗಿನ ಹಳೆಯ ಹಣ್ಣುಗಳು ಇನ್ನೂ ಕೆಲವು ವರ್ಷ ಮೊಳೆಯುತ್ತಲೇ ಇರುತ್ತವೆ.

ಮಾಲಿಯನ್ನು ಈ ಕೆಲಸಕ್ಕೆ ಕರೆಯುವುದಿಲ್ಲ. ಅವನ ಚರ್ಮಕ್ಕೆ ಅದು ಇನ್ನು ಸಹಿಸದು. ನಾವು ಮೊಣಕೈವರೆಗಿನ ಕೈಗವಸು ತೊಟ್ಟು ಕೀಳುತ್ತಿರುವಾಗ ಅವನು ಗಾಳಿಗೆ ಬೆನ್ನು ಮಾಡಿ, ತಪಸಿಯ ಕೆಳಗೆ ದೂರದಲ್ಲಿ ಕುಳಿತು, "ಉಧರ್ ಏಕ್ ರಹ್ ಗಯಾ, ಬಾಬೂಜೀ," ಅಲ್ಲಿ ಒಂದು ಉಳಿಯಿತು ನೋಡಿ, ಎಂದು ಕೋಲು ಚಾಚಿ ತೋರಿಸುತ್ತಾನೆ.